ಬೆಸುಗೆಯಿಲ್ಲದ ಚೌಕಟ್ಟು

(ನೆದರ್‌ಲೆಂಡ್ಸ್ ದೇಶದ ಐಂಡ್‌ಹೋವನ್ ನಗರದಲ್ಲಿ ಉದ್ಯೋಗದಲ್ಲಿರುವ ಅಳಿಯ, ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಲೋಹದ ಕೆಲಸ ಮಾಡಿ ನಿವೃತ್ತರಾಗಿ, ಬೇಸಗೆಯನ್ನು ಕಳೆಯಲು ಅವನ ಮನೆಗೆ ಬಂದಿರುವ ಸೋದರಮಾವ. ಇಬ್ಬರ ನಡುವೆ, ತಲೆಕೆಳಗಾಗಿ ನಿಲ್ಲಿಸಿದ ಒಂದು ಹಳೆಯ ಪಂದ್ಯದ ಸೈಕಲ್ಲು.)

ಮಾವ: ಸಂತೆಯಲ್ಲಿ ಇದನ್ನು ನಿನಗೆ ಮಾರಿದ ಮಹಾನುಭಾವನು ಇದರ ಕುಲಗೋತ್ರಗಳ ವಿಷಯವಾಗಿ ಏನಾದರೂ ಹೇಳಿದನೆ, ಅಥವಾ ದುಡ್ಡನ್ನೆಣಿಸಿಕೊಂಡು ಸುಮ್ಮನಾದನೆ?

ಅಳಿಯ: ಎರಡನೆಯದೇ ನಿಜ, ಮಾವ. ಹೆಸರಿನ ಚೀಟಿಗಳನ್ನೆಲ್ಲ ಯಾರೋ ಕೆರೆದು ತೆಗೆದಿದ್ದಾರೆ. ಬಣ್ಣವು ಮೊದಲು ಹೇಗಿತ್ತೋ ತಿಳಿಯದು, ಈಗಂತೂ ನಸುಗೆಂಪಿನ ಒಂದು ಮಸುಕು ಮಾತ್ರ ಉಳಿದಿದೆ. ಎತ್ತಿ ನೋಡಿದೆ, ಹಗುರವೆನಿಸಿತು, ಕೊಂಡೆ.

ಮಾವ: ಹಗುರವೆಂಬುದು ಸಾಕ್ಷ್ಯವಾಗಲಾರದು. ಒಳ್ಳೆಯ ಉಕ್ಕನ್ನು ತೆಳುವಾಗಿ ಎಳೆದ ಕೊಳವೆಗಳಿಂದ ಮಾಡಿದ ಸೈಕಲ್ಲೂ, ನಮ್ಮೂರಿನ ಹಾಲಿನವರ ಸೈಕಲ್ಲನ್ನೆತ್ತಿ ಅಭ್ಯಾಸವಾದ ಕೈಗೆ ಹಗುರವಾಗಿಯೇ ತೋರುತ್ತದೆ. ಫ್ರಿಜ್ಜಿನ ಬಾಗಿಲಿಗೆ ನಿನ್ನ ಹೆಂಡತಿ ಅಂಟಿಸಿರುವ ಅಯಸ್ಕಾಂತದ ಬಿಲ್ಲೆಗಳಲ್ಲೊಂದನ್ನು ತೆಗೆದುಕೊಂಡು ಬಾ. ಒಂದು ಕೊಳವೆಗೆ ಹಿಡಿದು ಅಷ್ಟಕ್ಕೇ ತೀರ್ಪು ಕೊಡಬೇಡ. ಒಂದೊಂದಕ್ಕೂ ಹಿಡಿದು ನೋಡು, ಫೋರ್ಕಿನ ಎರಡು ಕಾಲುಗಳನ್ನೂ ಬಿಡಬೇಡ.

ಅಳಿಯ: ಎಲ್ಲಿಯೂ ಕಚ್ಚಿಕೊಳ್ಳುವುದಿಲ್ಲ; ಫೋರ್ಕಿಗೂ ಇಲ್ಲ, ಹಿಂದಿನ ತ್ರಿಕೋಣಕ್ಕೂ ಇಲ್ಲ. ಒಂದೊಂದಕ್ಕೂ ಹಿಡಿಯಬೇಕೆಂದು ನೀವು ಹೇಳಿದ್ದು ಸರಿಯೆ. ಅಮೆರಿಕದಲ್ಲಿ 1980ರ ದಶಕದ ನಡುವಿನಲ್ಲಿ ರಾಲೀ ಎಂಬ ಹೆಸರಿನಿಂದಲೇ ಮಾರಾಟವಾದ ಟೆಕ್ನಿಯಮ್ ಎಂಬ ಸೈಕಲ್ಲುಗಳಲ್ಲಿ ಮುಖ್ಯವಾದ ಕೊಳವೆಗಳು ಅಲ್ಯೂಮಿನಿಯಂ, ಅವನ್ನು ಕೂಡಿಸುವ ಲಗ್ಗುಗಳೂ ಹಿಂಬದಿಯ ತ್ರಿಕೋಣವೂ ಉಕ್ಕು. ಅಲ್ಲಿಯದೇ ಆದ ಕ್ಯಾನನ್‌ಡೇಲ್ ಕಂಪೆನಿಯವರ ಮೊದಮೊದಲ ಸೈಕಲ್ಲುಗಳಲ್ಲಿ ಚೌಕಟ್ಟು ಅಲ್ಯೂಮಿನಿಯಂ ಆಗಿದ್ದರೂ ಫೋರ್ಕು ಉಕ್ಕಿನದು.

ಮಾವ: ಅಯಸ್ಕಾಂತ ಹಿಡಿಯಲಿಲ್ಲವೆಂದ ಮಾತ್ರಕ್ಕೆ ಅದು ಅಲ್ಯೂಮಿನಿಯಮ್ಮೇ ಎಂದು ನಿಶ್ಚಯಿಸುವುದೂ ಆತುರವಾದೀತು, ಟೈಟೇನಿಯಮ್ಮಿಗೂ ಅದು ಹಿಡಿಯದು, ಕಾರ್ಬನ್ನಿಗೂ ಹಿಡಿಯದು. ಆದರೆ ಇಲ್ಲಿ ಚೈನು ಉಜ್ಜಿ ಬೆಳ್ಳಗಾದ ಜಾಗವನ್ನು ನೋಡು. ಬಣ್ಣವು ಪದರವಾಗಿ ಎದ್ದಿಲ್ಲ, ಸಿಪ್ಪೆಯಾಗಿ ಸುಲಿದಿಲ್ಲ, ಲೋಹದೊಡನೆಯೇ ಸವೆದುಹೋಗಿದೆ. ಇದು ಬಳಿದ ಬಣ್ಣವಲ್ಲ, ಅನೋಡೈಸ್ ಮಾಡಿದ್ದು: ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತನ್ನು ಹಾಯಿಸಿದಾಗ ಮೇಲ್ಮೈಯಲ್ಲಿ ಬೆಳೆಯುವ ಆಕ್ಸೈಡಿನ ಸೂಕ್ಷ್ಮರಂಧ್ರಗಳಿಗೆ ವರ್ಣದ್ರವ್ಯವನ್ನು ಊಡಿಸಿ, ಅನಂತರ ಕುದಿಯುವ ನೀರಿನಲ್ಲಿ ಆ ರಂಧ್ರಗಳನ್ನು ಮುಚ್ಚಿದ್ದು. ಈ ಬಣ್ಣಗಳಿಗೆ ಸೂರ್ಯನೇ ಶತ್ರು. ನಿಜವಾದ ವರ್ಣವನ್ನು ಕಾಣಬೇಕಾದರೆ ಬಿಸಿಲು ಬೀಳದ ಕಡೆ ಹುಡುಕಬೇಕು.

ಅಳಿಯ: ಗೇರಿನ ಸನ್ನೆಗಳನ್ನು ಕೊಳವೆಗೆ ಬಿಗಿದಿರುವ ಪಟ್ಟಿಯನ್ನು ನಿನ್ನೆ ಸಡಿಲಿಸಿದೆ. ಅದರ ಅಡಿಯಲ್ಲಿ ಗಾಢವಾದ ಕೆಂಪು ಹಾಗೆಯೇ ಇದೆ.

ಮಾವ: ಹಾಗಾದರೆ ಅದನ್ನು ನೆನಪಿನಲ್ಲಿಟ್ಟುಕೊ, ಮುಂದೆ ಬೇಕಾಗುತ್ತದೆ. ಈಗ ಕೊಳವೆಗಳು ಕೂಡುವ ಕಡೆಗೆ ಬಾ. ನಮ್ಮ ಕಾರ್ಖಾನೆಯಲ್ಲಿ ಹಿರಿಯ ಕೆಲಸಗಾರರು ಕಲಿಸಿದ ಮೊದಲ ಪಾಠವೇ ಅದು. ವಿಮಾನದ ರೆಕ್ಕೆಯ ಹಾಳೆಯನ್ನು ಮಾತ್ರ ನೋಡಿ ಅದು ಯಾವ ಕಾಲದ್ದೆಂದು ಯಾರೂ ಹೇಳಲಾರರು. ಆದರೆ ಆ ಹಾಳೆಯನ್ನು ಪಕ್ಕದ ಹಾಳೆಗೆ ಕೂಡಿಸಿದವನು ರಿವೆಟ್ ಹೊಡೆದನೊ, ಅಂಟು ಹಾಕಿದನೊ, ಬೆಸೆದನೊ ಎಂಬುದನ್ನು ಕಂಡರೆ ದಶಕವನ್ನು ಹೇಳಿಬಿಡಬಹುದು. ಲೋಹವು ಮನುಷ್ಯನಿಗೆ ದೊರೆತದ್ದು ಬೇಗ. ಅದನ್ನು ಕೂಡಿಸುವ ವಿದ್ಯೆ ಅವನಿಗೆ ಒಲಿದದ್ದು ಬಹಳ ತಡವಾಗಿ.

ಅಳಿಯ: ಸೈಕಲ್ಲಿನ ಚರಿತ್ರೆಯೂ ಈ ಮಾತನ್ನು ಸಮರ್ಥಿಸುವಂತೆಯೇ ಇದೆ. ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬಿಬ್ಬರು ತರುಣರು ಒಬ್ಬರನ್ನೊಬ್ಬರು ಅರಿಯದೆ 1886ರಲ್ಲಿ ಅಲ್ಯೂಮಿನಿಯಮ್ಮನ್ನು ಅಗ್ಗವಾಗಿ ಪಡೆಯುವ ವಿಧಾನವನ್ನು ಕಂಡುಹಿಡಿದರಷ್ಟೆ. ಅದಾದ ಹತ್ತು ವರ್ಷಗಳೊಳಗಾಗಿಯೇ ಅಮೆರಿಕದ ಸೇಂಟ್ ಲೂಯಿಯಲ್ಲಿ ಒಂದು ಕಂಪೆನಿಯವರು ಈ ಲೋಹದಿಂದ ಸೈಕಲ್ಲಿನ ಚೌಕಟ್ಟನ್ನು ಮಾಡಲು ಹೊರಟರು. ಕೂಡಿಸುವ ಬಗೆ ತಿಳಿಯದಿದ್ದುದರಿಂದ ಕೂಡಿಸುವ ಗೋಜಿಗೇ ಹೋಗದೆ, ಇಡೀ ಚೌಕಟ್ಟನ್ನು ಒಂದೇ ಎರಕವಾಗಿ ಹೊಯ್ದರು. ಅನಂತರ 1930ರ ದಶಕದಲ್ಲಿ ಫ್ರಾನ್ಸಿನ ಕಮಿನಾದ್ ಎಂಬವನು ಡ್ಯೂರಾಲುಮಿನ್ನಿನ ಎಂಟು ಮೂಲೆಗಳ ಕೊಳವೆಗಳನ್ನು ಎರಕದ ಲಗ್ಗುಗಳ ನಡುವೆ ಹಿಡಿಸಿ ಬೋಲ್ಟಿನಿಂದ ಬಿಗಿದು, ಕಮಿನಾರ್ಜಾನ್ ಎಂಬ ಸೈಕಲ್ಲನ್ನು ಮಾಡಿದ. ಎಂಟು ಮೂಲೆಗಳೇಕೆಂಬುದು ಮೊದಲು ನನಗೆ ಅಲಂಕಾರವಾಗಿ ಕಂಡಿತ್ತು.

ಮಾವ: ಅಲಂಕಾರವೆಲ್ಲಿ ಬಂತು! ದುಂಡಾದ ಕೊಳವೆಯನ್ನು ಎಷ್ಟು ಬಿಗಿದರೂ ತಿರುಚಿದಾಗ ಜಾರುತ್ತದೆ, ಮೂಲೆಗಳಿದ್ದರೆ ಜಾರದು. ಡ್ಯೂರಾಲುಮಿನ್ನನ್ನು ಬೆಸೆಯಲು ಅವರು ಹೆದರಿದ್ದಕ್ಕೆ ಕಾರಣವೂ ಇದೆ. ಆಲ್ಫ್ರೆಡ್ ವಿಲ್ಮ್ ಎಂಬ ಜರ್ಮನ್ ವಿಜ್ಞಾನಿ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ತಾಮ್ರವೂ ಕಿಂಚಿತ್ ಮೆಗ್ನೀಷಿಯಮ್ಮೂ ಬೆರೆತ ಅಲ್ಯೂಮಿನಿಯಮ್ಮನ್ನು ಕಾಸಿ ನೀರಿಗದ್ದಿ ಬಿಟ್ಟರೆ, ಅದು ಆ ಕ್ಷಣದಲ್ಲಿ ಮೆತ್ತಗಿದ್ದು, ಯಾರೂ ಮುಟ್ಟದೆ ಇಟ್ಟ ಕೆಲವು ದಿನಗಳಲ್ಲಿ ತಾನಾಗಿಯೇ ಗಟ್ಟಿಯಾಗುತ್ತದೆಂಬುದನ್ನು ಕಂಡುಹಿಡಿದ. ಡ್ಯೂರಾಲುಮಿನ್ ಎಂದರೆ ಆ ಲೋಹವೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ರಿವೆಟ್‌ಗಳನ್ನು ಕಾಸಿ ಅದ್ದಿ, ಗಟ್ಟಿಯಾಗದಂತೆ ಶೀತಪೆಟ್ಟಿಗೆಯಲ್ಲಿಟ್ಟು, ಬೇಕಾದಷ್ಟನ್ನು ಮಾತ್ರ ಹೊರತೆಗೆದು ಬೇಗಬೇಗನೆ ಹೊಡೆಯುತ್ತಿದ್ದೆವು. ಮಧ್ಯಾಹ್ನದ ಊಟಕ್ಕೆ ಹೋಗಿ ಬಂದು ಹೊಡೆದರೆ ತಲೆ ಸೀಳುತ್ತಿತ್ತು. ಕಾಸಿದ್ದರಿಂದಲೂ ತಣಿಸಿದ್ದರಿಂದಲೂ ಬಂದ ಬಲವನ್ನು ಬೆಸುಗೆಯ ಬೆಂಕಿ ಕ್ಷಣಮಾತ್ರದಲ್ಲಿ ಕಿತ್ತುಕೊಂಡುಬಿಡುತ್ತದೆ. ಆದಕಾರಣವೇ ಬೆಂಕಿಯಿಲ್ಲದೆ ಕೂಡಿಸುವ ಉಪಾಯಗಳಿಗಾಗಿ ಅಷ್ಟೊಂದು ತಡಕಾಟ. ಇರಲಿ, ಈ ಸೈಕಲ್ಲಿನ ಕೂಡುವಿಕೆಗಳನ್ನು ನೀನೇ ವರ್ಣಿಸು. ನನ್ನ ಕಣ್ಣಿಗೆ ಈಗ ಅಷ್ಟು ಚಿಕ್ಕ ಗೆರೆಗಳು ಕಾಣಿಸವು.

ಅಳಿಯ: ಬೆಸುಗೆಯ ಮಣಿಸಾಲಿನ ಗುರುತೆಲ್ಲಿಯೂ ಇಲ್ಲ. ಕೊಳವೆಯೂ ಲಗ್ಗೂ ಕೂಡುವಲ್ಲಿ ಕೂದಲೆಳೆಯಂಥ ಒಂದು ಗೆರೆ; ಬೆರಳಾಡಿಸಿದರೆ ಏರಿಳಿತವೇ ಇಲ್ಲವೆನ್ನಬಹುದು. ಅಂದರೆ ಲಗ್ಗು ಕೊಳವೆಯ ಹೊರಗೆ ತೊಟ್ಟಿಲ್ಲ, ಒಳಗೆ ಹೊಕ್ಕಿದೆ. ಇಲ್ಲಿಯೇ ಎರಡು ಮನೆತನಗಳು ಬೇರೆಯಾಗುತ್ತವೆ, ಮಾವ. ಇಟಲಿಯ ಪಾದುವಾ ನಗರದ ಬಳಿ ಲೊಡೊವಿಕೊ ಫಾಲ್ಕೋನಿ ಎಂಬವನು 1972ರಲ್ಲಿ ಅಲಾನ್ ಎಂಬ ಸಂಸ್ಥೆಯನ್ನು ಆರಂಭಿಸಿ, ಕೊಳವೆಗಳ ತುದಿಗೆ ಥ್ರೆಡ್ಡು ಕತ್ತರಿಸಿ, ಅಂಟು ಸವರಿ, ಲಗ್ಗುಗಳೊಳಕ್ಕೆ ತಿರುಪಿನಂತೆ ತಿರುಗಿಸಿ ಕೂಡಿಸಿದ. ಆ ಚೌಕಟ್ಟುಗಳಲ್ಲಿ ಲಗ್ಗು ಹೊರಗೆ ದಪ್ಪವಾಗಿ ಎದ್ದು ಕಾಣುತ್ತದೆ. ಫ್ರಾನ್ಸಿನ ಸೇಂಟ್ ಎಟಿಯೆನ್ ಪ್ರಾಂತದ ವಿಟಸ್ ಎಂಬ ಕೊಳವೆಯ ಮನೆತನದವರು 1979ರಲ್ಲಿ 979 ಎಂಬ ಅಂಕಿತದ ಚೌಕಟ್ಟನ್ನು ಹೊರತಂದಾಗ ಈ ಕ್ರಮವನ್ನೇ ತಿರುವುಮುರುವು ಮಾಡಿ, ಲಗ್ಗಿನ ಚಾಚಿಗೆ ಅಂಟನ್ನು ಸವರಿ ಕೊಳವೆಯನ್ನು ಅದರ ಮೇಲೆ ತೊಡಿಸಿದರು. ತಿರುಪಿಲ್ಲ, ಬೋಲ್ಟಿಲ್ಲ, ಅಂಟೊಂದೇ ಆಧಾರ. ಇದನ್ನು ಅಲಾನ್ ಎಂದುಕೊಂಡು ಕೊಂಡವನು ನಾನು. ನಿಮ್ಮ ಮುಂದೆ ವರ್ಣಿಸುತ್ತ ವರ್ಣಿಸುತ್ತ ಇದು ವಿಟಸ್ ಎಂಬುದು ನನಗೇ ಸ್ಪಷ್ಟವಾಗುತ್ತಿದೆ.

ಮಾವ: ಇನ್ನೊಂದು ಅಳತೆಯಿಂದಲೂ ನೋಡು. ಸೀಟ್ ಪಿಲ್ಲರಿನ ದಪ್ಪವೆಷ್ಟು?

ಅಳಿಯ: ವರ್ನಿಯರಿನಲ್ಲಿ 25.0 ಮಿಲಿಮೀಟರು. ಆ ಕಾಲದ ಒಳ್ಳೆಯ ಉಕ್ಕಿನ ಚೌಕಟ್ಟುಗಳಿಗೆ 27.2ರ ಸುಮಾರಿನದು ಬೇಕಾಗುತ್ತಿತ್ತು. ಆದರೆ ಈ ಅಳತೆ ವಿಟಸ್ ಮತ್ತು ಅಲಾನ್ ಎರಡಕ್ಕೂ ಒಂದೇ. ಉಕ್ಕನ್ನು ತಳ್ಳಿಹಾಕಲು ಇದು ಸಾಕು, ಇವೆರಡರ ನಡುವೆ ನ್ಯಾಯ ಹೇಳಲು ಸಾಲದು. ಬರೆದ ಹೆಸರನ್ನಂತೂ ನಂಬುವಂತೆಯೇ ಇಲ್ಲ; ಈ ಎರಡು ಕಡೆಯವರೂ ಬೇರೆ ಬೇರೆ ಸಂಸ್ಥೆಗಳಿಗಾಗಿ ಚೌಕಟ್ಟು ಮಾಡಿಕೊಡುತ್ತಿದ್ದರು, ಆ ಸಂಸ್ಥೆಗಳು ತಮ್ಮ ತಮ್ಮ ಚೀಟಿಗಳನ್ನಂಟಿಸಿ ಮಾರುತ್ತಿದ್ದವು. ಗ್ವೆರ್ಚೋಟ್ಟಿ ಎಂದು ಬರೆದಿರುವ ಅಲ್ಯೂಮಿನಿಯಂ ಸೈಕಲ್ಲಿನ ಲಗ್ಗುಗಳನ್ನು ನೋಡಿದರೆ ಅಲಾನ್ ಕಾಣಿಸುವುದುಂಟು.

ಮಾವ: ಒಳ್ಳೆಯದಾಯಿತು, ಚೀಟಿಯನ್ನು ಕೆರೆದವನು ನಿನಗೆ ನಷ್ಟವನ್ನೇನೂ ಮಾಡಲಿಲ್ಲ. ಅಂಟೊಂದೇ ಆಧಾರವೆಂದೆಯಲ್ಲ, ಅದನ್ನು ಹೇಳುವಾಗ ನಿನ್ನ ಧ್ವನಿಯಲ್ಲಿ ಸ್ವಲ್ಪ ಅನುಮಾನವಿತ್ತು. ಅನುಮಾನಕ್ಕೆ ಕಾರಣವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ಡಿ ಬ್ರೂಯ್ನ್ ಎಂಬವರು ರೆಡಕ್ಸ್ ಎಂಬ ಅಂಟನ್ನು ಸಿದ್ಧಪಡಿಸಿದ ಮೇಲೆ, ಲೋಹಕ್ಕೆ ಲೋಹವನ್ನು ಅಂಟಿಸಿ ಮಾಡಿದ ವಿಮಾನಗಳು ಎಷ್ಟೋ ವರ್ಷ ಆಕಾಶದಲ್ಲಿ ಹಾರಾಡಿವೆ. ಅಂಟಿಗೆ ಬೇಕಾದದ್ದು ಎರಡೇ: ಅಂಟಿಸುವ ಮೊದಲು ಮೇಲ್ಮೈಯ ಪರಮಶುದ್ಧಿ, ಅಂಟಿಸಿದ ಮೇಲೆ ಬೆಂಕಿಯಿಂದ ದೂರ. ನೀನು ಇದಕ್ಕೆ ಹೊಸ ಬಣ್ಣ ಹಾಕಿಸಬೇಕೆಂದು ಮೊನ್ನೆ ಹೇಳುತ್ತಿದ್ದೆಯಲ್ಲ, ಯಾವ ಬಗೆಯ ಬಣ್ಣ?

ಅಳಿಯ: ಪೌಡರ್ ಕೋಟಿಂಗ್ ಎಂದಿದ್ದೆ. ಪುಡಿಯನ್ನು ಸಿಂಪಡಿಸಿ ಒಲೆಯಲ್ಲಿಟ್ಟು ಕರಗಿಸುತ್ತಾರೆ. ಆ ಒಲೆಯ ಬಿಸಿ ಸುಮಾರು 180ರಿಂದ 200 ಡಿಗ್ರಿ.

ಮಾವ: ಆ ಒಲೆಯಿಂದ ಹೊರಬರುವುದು ಸೈಕಲ್ಲಲ್ಲ, ಬಿಡಿಬಿಡಿಯಾದ ಕೊಳವೆಗಳ ಕಟ್ಟು. ಆ ವಿಚಾರವನ್ನು ಇಲ್ಲಿಗೇ ಬಿಟ್ಟುಬಿಡು. ಹಳೆಯ ಬಣ್ಣ ತೆಗೆಯುವ ತೀಕ್ಷ್ಣದ್ರಾವಣಗಳೂ ಅಂಟಿನ ಗೆರೆಯೊಳಕ್ಕೆ ಇಳಿಯುತ್ತವೆ. ಮಾಸಿದ ಬಣ್ಣ ಮಾಸಿದಂತೆಯೇ ಇರಲಿ. ಅದರಿಂದ ಇದರ ಮರ್ಯಾದೆಗೇನೂ ಕುಂದಿಲ್ಲ.

ಅಳಿಯ: ಆಗಲಿ. ಆದರೆ ನನ್ನ ಸ್ನೇಹಿತರ ಆಕ್ಷೇಪವೊಂದಿದೆ. ಅದಕ್ಕೆ ನಿಮ್ಮ ಉತ್ತರ ಬೇಕು. ಈ ವಿಟಸ್ ಚೌಕಟ್ಟು ಮೆತ್ತಗೆ, ತುಳಿದರೆ ಬಳುಕುತ್ತದೆ, ಹೀಗಾಗಿ ಇದು ಸೋತ ಪ್ರಯೋಗ, ನಿಜವಾದ ಅಲ್ಯೂಮಿನಿಯಂ ಸೈಕಲ್ಲು ಹುಟ್ಟಿದ್ದು ಅಮೆರಿಕದಲ್ಲಿ ಎಂಬುದು ಅವರ ವಾದ.

ಮಾವ: ಬಳುಕುತ್ತದೆಂಬುದು ಸುಳ್ಳಲ್ಲ. ಉಕ್ಕಿನ ಸಾಂದ್ರತೆ 7.8 ಆದರೆ ಅಲ್ಯೂಮಿನಿಯಮ್ಮಿನದು 2.7, ಮೂರರಲ್ಲೊಂದು ಪಾಲು. ಬಾಗಿಸುವುದಕ್ಕೆ ಒಡ್ಡುವ ಪ್ರತಿರೋಧದ ಗುಣಾಂಕವೂ ಹಾಗೆಯೇ, ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಇದಕ್ಕೆ 70. ಅಂದಮೇಲೆ ಅದೇ ವ್ಯಾಸದ, ಅದೇ ದಪ್ಪದ ಕೊಳವೆಯನ್ನು ಉಕ್ಕಿನ ಬದಲು ಇದರಿಂದ ಮಾಡಿದರೆ ತೂಕ ಮೂರರಲ್ಲೊಂದಾಗುತ್ತದೆ, ಬಿಗುವೂ ಮೂರರಲ್ಲೊಂದಾಗುತ್ತದೆ. ದಪ್ಪವನ್ನು ಕೊಂಚ ಹೆಚ್ಚಿಸಿ ಸರಿತೂಗಿಸಲು ಹೋದರೆ ಒಂದಿಷ್ಟು ಫಲ ದೊರೆತೀತು, ಪೂರ್ತಿ ದೊರೆಯದು. ವಿಟಸ್‌ನವರೂ ಅಲಾನ್‌ನವರೂ ಉಕ್ಕಿನ ಕಾಲದ ತೆಳ್ಳನೆಯ ವ್ಯಾಸಗಳಿಗೆ ಅಂಟಿಕೊಂಡರು. ಪರರ ಅಳತೆಗೆ ಹೊಲಿದ ಅಂಗಿಯನ್ನು ತೊಡಿಸಿದಂತಾಯಿತು ಅದು.

ಅಳಿಯ: ಅಂಗಿಯನ್ನು ಮೊದಲು ಬಿಚ್ಚಿಸಿದವರು ಗ್ಯಾರಿ ಕ್ಲೈನ್. 1970ರ ದಶಕದಲ್ಲಿ ಮೆಸಾಚುಸೆಟ್ಸಿನ ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದಾಗ, ಈ ಲೋಹಕ್ಕೆ ವ್ಯಾಸವನ್ನು ಹೆಚ್ಚಿಸಿ ಗೋಡೆಯನ್ನು ತೆಳುಮಾಡುವುದೇ ಸರಿಯಾದ ದಾರಿಯೆಂದು ಅವರಿಗೂ ಅವರ ಸಂಗಡಿಗರಿಗೂ ಹೊಳೆಯಿತು.

ಮಾವ: ಗೋಡೆಯ ದಪ್ಪ ಒಂದೇ ಆಗಿದ್ದರೆ ಬಿಗುವು ವ್ಯಾಸದ ಘನವನ್ನನುಸರಿಸಿ ಬೆಳೆಯುತ್ತದೆ, ತೂಕ ಮಾತ್ರ ವ್ಯಾಸದಷ್ಟೇ ಬೆಳೆಯುತ್ತದೆ. ವ್ಯಾಸವನ್ನು ಇಮ್ಮಡಿಸಿದರೆ ತೂಕ ಎರಡರಷ್ಟು, ಬಿಗುವು ಎಂಟರಷ್ಟು. ಕಾಗದದ ಮೇಲೆ ಇಷ್ಟು ಸುಲಭವಾದದ್ದು ಕೈಗೆ ಬರುವುದಕ್ಕೆ ಅಷ್ಟು ಕಾಲ ಬೇಕಾಯಿತು.

ಅಳಿಯ: ಕ್ಯಾನನ್‌ಡೇಲ್‌ನವರು 1983ರಲ್ಲಿ ತಮ್ಮ ಮೊದಲ ಸೈಕಲ್ಲನ್ನು ಹೊರತಂದಾಗ ಅದರ ಕೆಳಗಣ ಕೊಳವೆಯ ದಪ್ಪವನ್ನು ಕಂಡು ಜನ ನಕ್ಕರು, ದಪ್ಪ ಕೊಳವೆಯ ಹಕ್ಕಿನ ವಿಷಯದಲ್ಲಿ ಅವರಿಗೂ ಕ್ಲೈನರಿಗೂ ನ್ಯಾಯಾಲಯದಲ್ಲಿ ವ್ಯಾಜ್ಯವೂ ನಡೆಯಿತು. ಅವರ ಹಳೆಯ ಚೌಕಟ್ಟನ್ನು ಗುರುತಿಸುವುದು ಕಷ್ಟವಲ್ಲ: ಒಂದೂವರೆ ಅಂಗುಲವನ್ನು ಮೀರಿದ ಕೊಳವೆ, ಅರದಿಂದ ತೀಡಿ ನಯಗೊಳಿಸಿದ ಬೆಸುಗೆ, ಅಮೆರಿಕದಲ್ಲಿ ಕೈಯಿಂದ ಮಾಡಿದ್ದೆಂಬ ಬರೆಹ. ಟ್ರೆಕ್‌ನವರು ಮಾತ್ರ 1985ರಲ್ಲಿ ಮೊದಲ ಅಲ್ಯೂಮಿನಿಯಂ ರಸ್ತೆ ಸೈಕಲ್ಲನ್ನು ಮಾಡಿದಾಗಲೂ ಅಂಟನ್ನೇ ನೆಚ್ಚಿದರು. ಬೆಸುಗೆಯ ಬೆಂಕಿ ಬಲವನ್ನು ಕಿತ್ತುಕೊಳ್ಳುತ್ತದೆಂದು ಹೇಳಿದಿರಲ್ಲ, ಹಾಗಾದರೆ ಇವರು ಬೆಸೆದದ್ದು ಹೇಗೆ?

ಮಾವ: ಹೋದ ಬಲವನ್ನು ಮರಳಿ ಕೊಟ್ಟು. 6061 ಎಂಬ ಮಿಶ್ರಲೋಹದಿಂದ ಬೆಸೆದ ಇಡೀ ಚೌಕಟ್ಟನ್ನು 530 ಡಿಗ್ರಿಯ ಸುಮಾರಿಗೆ ಕಾಸಿ, ಒಮ್ಮೆಗೇ ತಣಿಸಿ, ಡೊಂಕಾದದ್ದನ್ನು ಮೆತ್ತಗಿರುವಾಗಲೇ ನೆಟ್ಟಗೆ ಮಾಡಿ, ಮತ್ತೆ ಸೌಮ್ಯವಾದ ಶಾಖದಲ್ಲಿ ಗಂಟೆಗಟ್ಟಲೆ ಇಡಬೇಕು. 7005 ಎಂಬುದಕ್ಕೆ ಮೊದಲ ಉರಿ ಬೇಡ, ಕೊನೆಯ ಶಾಖವೊಂದು ಸಾಕು. ಅಷ್ಟು ದೊಡ್ಡ ಒಲೆಯನ್ನಿಡುವುದಕ್ಕೆ ಬಂಡವಾಳ ಬೇಕು. ಫಾಲ್ಕೋನಿಯಂಥವನಿಗೆ ತಿರುಪೂ ಅಂಟೂ ಸಾಕಾಗಿತ್ತು. ಆದ್ದರಿಂದ ನಿನ್ನ ಸ್ನೇಹಿತರು ಹೇಳುವುದರಲ್ಲಿ ಅರ್ಧ ಮಾತ್ರ ಸತ್ಯ. ಲೆಕ್ಕದಲ್ಲಿ ಅಮೆರಿಕದವರು ಗೆದ್ದರು, ನಾನೂ ಒಪ್ಪುತ್ತೇನೆ. ಆದರೆ ತಪ್ಪಾದ ವ್ಯಾಸವನ್ನು ಒಪ್ಪಿಕೊಂಡ ಮೇಲೂ, ಅದರೊಳಗೆ ಸಾಧ್ಯವಾದ ಕೆಲಸದ ಶುದ್ಧಿ ಎಷ್ಟೆಂಬುದನ್ನು ಈ ಲಗ್ಗಿನ ಗೆರೆಯಲ್ಲಿ ಕಾಣು. ದಪ್ಪ ಕೊಳವೆಯ ಚೌಕಟ್ಟಿನಲ್ಲಿ ನನ್ನ ಬುದ್ಧಿಗೆ ತೃಪ್ತಿಯುಂಟು. ಕೈಗೆ ತೃಪ್ತಿ ಈ ಗೆರೆಯಲ್ಲಿ.

ಅಳಿಯ: ಸೋತ ಪ್ರಯೋಗವೆಂಬ ಮಾತಿಗೆ ರಸ್ತೆಯ ಮೇಲಿನ ಉತ್ತರವೂ ಉಂಟು. ಐರ್ಲೆಂಡಿನ ಷಾನ್ ಕೆಲ್ಲಿ 1980ರ ದಶಕದ ಬಹುಭಾಗವನ್ನು ವಿಟಸ್ ಮೇಲೆಯೇ ಕಳೆದವರು. ಪ್ಯಾರಿಸ್–ನೀಸ್ ಪಂದ್ಯವನ್ನು 1982ರಿಂದ 1988ರವರೆಗೆ ಸಾಲಾಗಿ ಏಳು ಬಾರಿ ಗೆದ್ದರು. ಕಲ್ಲುಹಾಸಿನ ದಾರಿಯ ಪ್ಯಾರಿಸ್–ರೂಬೇ ಪಂದ್ಯವನ್ನು 1984ರಲ್ಲೊಮ್ಮೆ, 1986ರಲ್ಲೊಮ್ಮೆ ಈ ಬಳುಕುವ ಚೌಕಟ್ಟಿನ ಮೇಲೆಯೇ ಗೆದ್ದರು. ಅಂಥ ಬಲಿಷ್ಠ ಕಾಲುಗಳಿಗೆ ಅಡ್ಡಿಯಾಗದ ಬಳುಕು ನನ್ನ ಕಾಲುಗಳಿಗೆ ಅಡ್ಡಿಯೆಂದರೆ ನಗೆಪಾಟಲು. ರೂಬೇಯ ಕಲ್ಲುಗಳ ಮೇಲೆ ಆ ಮೆತ್ತನೆಯ ಗುಣವೇ ಮೈಗೆ ಉಪಕಾರವಾಗಿರಬೇಕೆಂದು ನನ್ನ ಊಹೆ. ದಪ್ಪ ಕೊಳವೆಯ ಅಲ್ಯೂಮಿನಿಯಮ್ಮಿಗೂ ಅದರ ಕಾಲ ಬಂದಿತೆನ್ನಿ; 1998ರಲ್ಲಿ ಮಾರ್ಕೊ ಪಂತಾನಿ ಟೂರ್ ದ ಫ್ರಾನ್ಸನ್ನು ಗೆದ್ದದ್ದು ಬಿಯಾಂಕಿಯ ಅಲ್ಯೂಮಿನಿಯಂ ಸೈಕಲ್ಲಿನ ಮೇಲೆ. ಅದಾದ ಮೇಲೆ ಆ ಪಂದ್ಯ ಕಾರ್ಬನ್ನಿನ ಪಾಲಾಯಿತು.

ಮಾವ: ಸರಿ, ಚೌಕಟ್ಟಿನ ಜಾತಕ ದೊರೆಯಿತು. ವರ್ಷವನ್ನು ಹೇಗೆ ಹೇಳುತ್ತೀಯೆ?

ಅಳಿಯ: ವರ್ಷವನ್ನು ಹೇಳಬೇಕಾದವು ಬಿಡಿಭಾಗಗಳು; ಅವುಗಳಲ್ಲಿಯೇ ಜಗಳವಿದೆ. ಹಿಂದಿನ ಗೇರನ್ನು ದಾಟಿಸುವ ಡಿರೇಲರು ಕಂಪಾನ್ಯೋಲೊ ನೂವೊ ರೆಕಾರ್ಡ್. ಇಟಲಿಯ ವಿಚೆಂಜಾದಲ್ಲಿ ತೂಲ್ಯೊ ಕಂಪಾನ್ಯೋಲೊ 1933ರಲ್ಲಿ ಸ್ಥಾಪಿಸಿದ ಸಂಸ್ಥೆಯದು. 1963ರಲ್ಲಿ ಬಂದ ರೆಕಾರ್ಡ್ ಎಂಬುದು ಕಂಚಿಗೆ ಕ್ರೋಮ್ ಲೇಪಿಸಿದ್ದು; 1967ರಲ್ಲಿ ಅದನ್ನೇ ಅಲ್ಯೂಮಿನಿಯಮ್ಮಿನಲ್ಲಿ ಮಾಡಿದಾಗ ನೂವೊ ರೆಕಾರ್ಡ್ ಆಯಿತು. ಇದರ ಮೈಮೇಲೆ ಪೇಟೆಂಟ್ 80 ಎಂದು ಮೂಡಿದೆ. ಆ ಅಂಕೆ ವರ್ಷವರ್ಷಕ್ಕೂ ಬದಲಾಗುತ್ತಿದ್ದುದರಿಂದ ತಯಾರಾದ ಕಾಲವನ್ನು ಅದೇ ಹೇಳುತ್ತದೆ. ಬ್ರೇಕುಗಳಾದರೋ ಜಪಾನಿನ ಷಿಮಾನೊ. ಹಿಂಬದಿಯಲ್ಲಿ ಐ, ಎಫ್ ಎಂಬೆರಡು ಇಂಗ್ಲಿಷ್ ಅಕ್ಷರಗಳಿವೆ. ಮೊದಲನೆಯದು ವರ್ಷ, ಎರಡನೆಯದು ತಿಂಗಳು. 1976ಕ್ಕೆ ಎ ಎಂದು ಆರಂಭಿಸಿ ಎಣಿಸಿದರೆ ಐ ಎಂಬುದು 1984, ಎಫ್ ಎಂಬುದು ಜೂನ್. ಹಾಗಾದರೆ ಸೈಕಲ್ಲು 1980ರದೊ, 1984ರದೊ?

ಮಾವ: ಬಿಸಿಲಿನ ವಿಷಯವನ್ನು ನೆನಪಿನಲ್ಲಿಟ್ಟುಕೊ ಎಂದಿದ್ದೆನಲ್ಲ, ಅದನ್ನು ಈಗ ಕರೆ. ಹಿಂದಿನ ಬ್ರೇಕನ್ನು ಬಿಚ್ಚಿ, ಅದು ಕೂರುವ ಅಡ್ಡಸೇತುವೆಯ ಮೇಲೆ ಕೆಂಪು ಹೇಗೆ ಉಳಿದಿದೆಯೆಂದು ನೋಡು.

ಅಳಿಯ: ಬಿಚ್ಚಿದೆ. ಆಶ್ಚರ್ಯ, ಮಾವ! ಈಗಿನ ವಾಷರಿಗಿಂತ ಅಗಲವಾದ ಒಂದು ಗುರುತು ಗಾಢವಾದ ಕೆಂಪಿನಲ್ಲಿ ಉಳಿದಿದೆ. ಅಂಚು ಮಾತ್ರ ಸ್ವಲ್ಪ ಮಂಕಾಗಿದೆ.

ಮಾವ: ಅಂದರೆ ಮೊದಲು ಅಲ್ಲಿ ಬೇರೊಂದು ಬ್ರೇಕಿತ್ತು, ಸಾಕಷ್ಟು ಕಾಲ ಬಿಸಿಲಿನಲ್ಲಿ ಓಡಾಡಿದ ಮೇಲೆ ಅದನ್ನು ತೆಗೆದು ಇದನ್ನು ಹಾಕಿದರು. ಚೌಕಟ್ಟು ಬ್ರೇಕಿಗಿಂತ ಹಿರಿಯದು. 1980ಕ್ಕೋ 1981ಕ್ಕೋ ಇಟ್ಟುಕೊ. ಅದಕ್ಕಿಂತ ಖಚಿತವಾದ ಮಾತನ್ನು ಈ ಸಾಕ್ಷ್ಯ ಹೊರಲಾರದು.

ಅಳಿಯ: ಹಾಗಾದರೆ ಆ ಕಾಲದ ಬ್ರೇಕುಗಳನ್ನು ಹುಡುಕಿ ತಂದು ಹಾಕಬೇಕು, ಎಲ್ಲವೂ ಒಂದೇ ವರ್ಷದವಾಗಿದ್ದರೇ ಬೆಲೆ ಎನ್ನುತ್ತಾರೆ.

ಮಾವ: ಬೆಲೆಯ ಮಾತು ಬೇರೆ, ಮಾನದ ಮಾತು ಬೇರೆ. ಪಂದ್ಯಕ್ಕೆ ಹೋಗುವವನು ಸವೆದದ್ದನ್ನು ತೆಗೆದು ಹೊಸದನ್ನು ಹಾಕಿಕೊಳ್ಳದೆ ಬಿಡುತ್ತಾನೆಯೆ? ನಾಲ್ಕು ದಶಕ ಓಡಿದ ಯಂತ್ರದಲ್ಲಿ ಪ್ರತಿಯೊಂದು ಭಾಗವೂ ಒಂದೇ ತಿಂಗಳಿನದಾಗಿದ್ದರೆ, ಅದನ್ನು ಓಡಿಸಲೇ ಇಲ್ಲವೆಂದೊ, ಈಚೆಗೆ ಯಾರೋ ಕೂಡಿಹಾಕಿದರೆಂದೊ ನಾನು ತಿಳಿಯುತ್ತೇನೆ. ಈ ಜಪಾನಿನ ಬ್ರೇಕು ಯಾವನೊ ಸವಾರನ ವಿವೇಕಕ್ಕೆ ಸಾಕ್ಷಿಯಾಗಿ ನಿಂತಿದೆ, ಅದನ್ನೇಕೆ ಓಡಿಸುತ್ತೀಯೆ? ಅದಿರಲಿ, ರಿಮ್ಮುಗಳು ಯಾರವು?

ಅಳಿಯ: ಮಾವಿಕ್. ಸೈಕಲ್ಲಿನಲ್ಲಿ ಅಲ್ಯೂಮಿನಿಯಂ ಚೌಕಟ್ಟಿಗಿಂತ ಎಷ್ಟೋ ಮುಂಚೆ ನೆಲೆಯಾದದ್ದು ರಿಮ್ಮಿನಲ್ಲಿಯೂ ಕ್ರ್ಯಾಂಕಿನಲ್ಲಿಯೂ. 1934ರ ಟೂರ್ ದ ಫ್ರಾನ್ಸಿನಲ್ಲಿ ಆಂತೊನಿನ್ ಮಾನ್ಯ್ ಎಂಬವರು ಮಾವಿಕ್‌ನ ಡ್ಯೂರಾಲುಮಿನ್ ರಿಮ್ಮುಗಳ ಮೇಲೆ ಮರದ ಬಣ್ಣ ಬಳಿದು, ಪ್ರತಿಸ್ಪರ್ಧಿಗಳ ಕಣ್ಣಿಗೆ ಮರದವೆಂದೇ ತೋರುವಂತೆ ಮಾಡಿ ಗೆದ್ದರೆಂಬ ಕಥೆ ಪ್ರಸಿದ್ಧವಾಗಿದೆ. ಕ್ರ್ಯಾಂಕು ಸ್ಟ್ರಾಂಗ್‌ಲೈಟ್, ಅದೂ ಸೇಂಟ್ ಎಟಿಯೆನ್‌ನದೆ. ಬಂದೂಕುಗಳಿಗೂ ರೇಷ್ಮೆಯ ರಿಬ್ಬನ್ನುಗಳಿಗೂ ಹೆಸರಾದ ಆ ಊರು ಸೈಕಲ್ಲಿಗೂ ಹೆಸರಾಗಿತ್ತು.

ಮಾವ: ಈ ಕ್ರ್ಯಾಂಕಿನಲ್ಲಿ ಕಾಟರ್ ಪಿನ್ನಿಲ್ಲ, ನೋಡಿದೆಯಾ? ನಮ್ಮ ಕಡೆಯ ಸೈಕಲ್ ಶಾಪುಗಳಲ್ಲಿ ಸುತ್ತಿಗೆಯಿಂದ ಕಾಟರನ್ನು ಹೊಡೆಯುವ ಸದ್ದು ನನ್ನ ಬಾಲ್ಯದಲ್ಲಿ ದಿನವೆಲ್ಲ ಕೇಳಿಸುತ್ತಿತ್ತು. ಅಲ್ಯೂಮಿನಿಯಂ ಅಂಥ ಪೆಟ್ಟನ್ನು ತಡೆಯದು. ಅದಕ್ಕೇ ಅಚ್ಚಿನ ತುದಿಯನ್ನು ಚೌಕವಾಗಿ ಕ್ರಮೇಣ ಸಪುರಮಾಡಿ, ತೋಳನ್ನು ಅದರ ಮೇಲಕ್ಕೆ ಬೋಲ್ಟಿನಿಂದ ಎಳೆದು ಕೂರಿಸಿದ್ದಾರೆ.

ಅಳಿಯ: ಆ ಉಪಾಯವನ್ನು 1930ರ ದಶಕದಲ್ಲಿಯೇ ಬಳಕೆಗೆ ತಂದವರು ಈ ಸ್ಟ್ರಾಂಗ್‌ಲೈಟ್‌ನವರು. ಕಂಪಾನ್ಯೋಲೊ ಕ್ರ್ಯಾಂಕಾಗಿದ್ದಿದ್ದರೆ ವರ್ಷ ತಿಳಿಯುವುದು ಇನ್ನೂ ಸುಲಭವಾಗುತ್ತಿತ್ತು. ತೋಳಿನ ಹಿಂಬದಿಯಲ್ಲಿ 1970ರ ದಶಕದ್ದಾದರೆ ವಜ್ರಾಕೃತಿಯೊಳಗೆ ಒಂದು ಅಂಕೆ, 1980ರ ದಶಕದ ಮೊದಲಿನ ವರ್ಷಗಳದ್ದಾದರೆ ವೃತ್ತದೊಳಗೆ. ಇನ್ನೊಂದು ವಿಷಯ, ಮಾವ. ಇಟಲಿಯ ಗಾಯೋಲೆ ಎಂಬ ಊರಿನಲ್ಲಿ 1997ರಿಂದ ಎರೋಯಿಕಾ ಎಂಬ ಸವಾರಿ ನಡೆಯುತ್ತಿದೆ. ಹಳೆಯ ಸೈಕಲ್ಲುಗಳಿಗೆ ಮಾತ್ರ ಅಲ್ಲಿ ಪ್ರವೇಶ. 1987ಕ್ಕೆ ಮುಂಚಿನದಾಗಿರಬೇಕು, ಗೇರಿನ ಸನ್ನೆ ಕೆಳಗಣ ಕೊಳವೆಯ ಮೇಲಿರಬೇಕು, ಪೆಡಲಿಗೆ ಪಟ್ಟಿಯಿರಬೇಕು, ಬ್ರೇಕಿನ ತಂತಿ ಹ್ಯಾಂಡಲಿನ ಮೇಲೆ ಬಯಲಾಗಿ ಹಾಯಬೇಕು. ಚೌಕಟ್ಟು ಉಕ್ಕಿನದೇ ಆಗಬೇಕೆಂಬ ಕಟ್ಟಳೆಗೆ ಅವರು ಮಾಡಿರುವ ವಿನಾಯಿತಿ, ತಿರುಪಿನಿಂದಲೂ ಅಂಟಿನಿಂದಲೂ ಕೂಡಿಸಿದ ಅಲಾನ್, ವಿಟಸ್ ಮುಂತಾದ ಅಲ್ಯೂಮಿನಿಯಂ ಚೌಕಟ್ಟುಗಳಿಗೆ. ಬೆಸೆದ ಅಲ್ಯೂಮಿನಿಯಮ್ಮಿಗೆ ಆ ಭಾಗ್ಯವಿಲ್ಲ.

ಮಾವ: ಅದು ಅನ್ಯಾಯವೆಂದು ನನಗೆ ತೋರುತ್ತದೆ. 1984ರಲ್ಲಿ ಬೆಸೆದ ಕ್ಯಾನನ್‌ಡೇಲ್ ಅದೇ ವರ್ಷದ ವಿಟಸ್‌ಗಿಂತ ಒಂದು ದಿನವೂ ಕಿರಿಯದಲ್ಲ. ನೋಟಕ್ಕೆ ಉಕ್ಕಿನಂತೆ ಕಾಣುವುದನ್ನು ಹಳೆಯದೆಂದೂ, ತನ್ನ ಸ್ವರೂಪದಂತೆ ಕಾಣುವುದನ್ನು ಹೊಸದೆಂದೂ ಎಣಿಸುವುದು ವಯಸ್ಸಿನ ಲೆಕ್ಕವಲ್ಲ, ವೇಷದ ಲೆಕ್ಕ. ಆದರೂ ಅದರಿಂದ ನಿನಗೆ ಲಾಭವಾಗುವುದಾದರೆ ನಾನೇಕೆ ಬೇಡವೆನ್ನಲಿ? ಹೋಗುವ ಯೋಚನೆಯಿದೆಯೆ?

ಅಳಿಯ: ಇದೆ. ಆದರೆ ಹಿಂದಿನ ಚಕ್ರಕ್ಕೆ ಏರುದಾರಿಯ ಗೇರುಗಳು ಸಾಲವು. ಹೊಸ ಚಕ್ರವೊಂದಿದೆ, ಅದರ ಹಬ್ಬಿನ ಅಗಲ 130 ಮಿಲಿಮೀಟರು. ಇದರ ಹಿಂಗಾಲುಗಳ ನಡುವಣ ಅಂತರ 126. ಉಕ್ಕಿನ ಚೌಕಟ್ಟುಗಳನ್ನು ಕೈಯಿಂದ ಅಗಲಿಸಿ ಹಾಕುವುದನ್ನು ನೋಡಿದ್ದೇನೆ.

ಮಾವ: ಉಕ್ಕನ್ನು ಅಗಲಿಸಬಹುದು, ಇದನ್ನು ಕೂಡದು. ಉಕ್ಕಿಗೆ ಒಂದು ಮಿತಿಯೊಳಗಿನ ಪೆಟ್ಟನ್ನು ಲಕ್ಷಾಂತರ ಸಲ ತಿಂದರೂ ಮರೆತುಬಿಡುವ ಗುಣವುಂಟು. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯೇ ಇಲ್ಲ, ಎಷ್ಟೇ ಸಣ್ಣ ಪೆಟ್ಟಾದರೂ ಅದರ ಲೆಕ್ಕದ ಪುಸ್ತಕದಲ್ಲಿ ಜಮೆಯಾಗುತ್ತಲೇ ಇರುತ್ತದೆ. ಮೇಲಾಗಿ ಅಗಲಿಸಿದ ಬಲವೆಲ್ಲ ಅಂಟಿನ ಗೆರೆಯ ಮೇಲೆ ಬೀಳುತ್ತದೆ. 126ರ ಹಬ್ಬಿಗೇ ದೊಡ್ಡ ಹಲ್ಲುಗಳ ಫ್ರೀವೀಲನ್ನು ಹುಡುಕಿಕೊ. ಹ್ಯಾಂಡಲಿನ ವಿಷಯದಲ್ಲಿಯೂ ಹುಷಾರಾಗಿರು. ಅಲ್ಯೂಮಿನಿಯಂ ಹ್ಯಾಂಡಲು ಮುರಿಯುವ ಮುನ್ನ ಬಾಗಿ ಎಚ್ಚರಿಸುವ ಸೌಜನ್ಯವನ್ನು ತೋರುವುದಿಲ್ಲ.

ಅಳಿಯ: ಹ್ಯಾಂಡಲು ಚಿನೆಲ್ಲಿ, ಅದನ್ನು ಹಿಡಿದಿರುವ ಸ್ಟೆಮ್ಮೂ ಅವರದೇ, ಅದೊಂದು ಸಮಾಧಾನ. ಚಿನೆಲ್ಲಿಯ ಅಳತೆ 26.4, ಬೇರೆಯವರದು ಸಾಮಾನ್ಯವಾಗಿ 26.0, ಬೇರೆಯವರ ಹ್ಯಾಂಡಲನ್ನು ಇವರ ಸ್ಟೆಮ್ಮಿಗೆ ಹಾಕಿ ಬಿಗಿಯುತ್ತ ಹೋಗಿ ಸ್ಟೆಮ್ಮನ್ನು ಸೀಳಿಸಿದವರುಂಟು.

ಮಾವ: ಸೀಟ್ ಪಿಲ್ಲರನ್ನು ಹೊರತೆಗೆದು ನೋಡಿದೆಯಾ, ಸಲೀಸಾಗಿ ಬಂದಿತೆ?

ಅಳಿಯ: ಬೆವರೂ ಮಳೆನೀರೂ ಇಳಿದು ಒಂದಿಷ್ಟು ಬಿಳಿಯ ಪುಡಿ ಕಟ್ಟಿತ್ತು, ನಿಧಾನವಾಗಿ ತಿರುಗಿಸಿದಾಗ ಬಂದಿತು. ಗ್ರೀಸು ಸವರಿ ಹಾಕಿದ್ದೇನೆ.

ಮಾವ: ಒಳ್ಳೆಯದು. ಅಂಟಿಕೊಂಡು ಬಾರದಿದ್ದಿದ್ದರೆ ಕೆಲವರು ಕಾಸ್ಟಿಕ್ ಸೋಡಾ ಸುರಿಯುತ್ತಾರೆ. ಉಕ್ಕಿನ ಚೌಕಟ್ಟಿನೊಳಗೆ ಅಲ್ಯೂಮಿನಿಯಂ ಪಿಲ್ಲರಿದ್ದರೆ ಅದು ಉಪಾಯ, ಇಲ್ಲಿ ಚೌಕಟ್ಟೇ ಕರಗಿಹೋಗುತ್ತದೆ. ಇನ್ನು ಕೊನೆಯದಾಗಿ ಕ್ರ್ಯಾಂಕಿನ ತೋಳುಗಳು. ತೋಳು ಹಲ್ಲಿನ ಚಕ್ರದ ಕಡ್ಡಿಗಳೊಡನೆ ಕೂಡುವ ಮೂಲೆಯೇ ಈ ಹಳೆಯ ಕ್ರ್ಯಾಂಕುಗಳ ಮರ್ಮಸ್ಥಾನ. ಕಣ್ಣಿಗೆ ಕಾಣದ ಬಿರುಕು ಅಲ್ಲಿಂದಲೇ ಹೊರಡುವುದು ಹೆಚ್ಚು. ಸೀಮೆಎಣ್ಣೆ ಈ ಊರಿನಲ್ಲಿ ಸಿಕ್ಕುತ್ತದೆಯೆ?

ಅಳಿಯ: ದೀಪದೆಣ್ಣೆಯೆಂದು ಸೀಸೆಯಲ್ಲಿ ಮಾರುತ್ತಾರೆ.

ಮಾವ: ಅದು ಸಾಕು. ತೋಳನ್ನು ಬಿಚ್ಚಿ, ಚೆನ್ನಾಗಿ ತೊಳೆದು, ಆ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕು. ಬೆಳಗ್ಗೆ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಸವರು. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಹೊರಕ್ಕೆ ಜಿನುಗಿ ಸುಣ್ಣದ ಮೇಲೆ ಗೆರೆ ಬರೆಯುತ್ತದೆ. ದೊಡ್ಡ ಯಂತ್ರಗಳಿಲ್ಲದ ದಿನಗಳಲ್ಲಿ ನಾವು ಹೀಗೆಯೇ ನೋಡುತ್ತಿದ್ದೆವು.

ಅಳಿಯ: ಕಂಪಾನ್ಯೋಲೊ ಕ್ರ್ಯಾಂಕನ್ನು ಎಳೆಯುವ ಸಾಧನ ನನ್ನಲ್ಲಿದೆ, ಈಗಲೇ ಬಿಚ್ಚಲೆ?

ಮಾವ: ಅದರ ಥ್ರೆಡ್ಡಿನ ಅಳತೆಯೆಷ್ಟು?

ಅಳಿಯ: 22 ಮಿಲಿಮೀಟರು. ಹೌದು, ಹೌದು, ಹಳೆಯ ಸ್ಟ್ರಾಂಗ್‌ಲೈಟ್‌ಗೆ 23.35 ಬೇಕು. ಮುಂದೆ ಅವರೂ 22ಕ್ಕೆ ಬಂದರು, ಆದರೆ ಇದು ಯಾವುದೆಂಬುದನ್ನು ಅಳೆದೇ ನೋಡಬೇಕು.

ಮಾವ: ವರ್ನಿಯರನ್ನು ಕೊಡು, ಬೋಲ್ಟಿನ ಮುಚ್ಚಳವನ್ನು ತೆಗೆ. ಸಡಿಲವಾಗಿ ಕೂರುವ ಸಾಧನದಿಂದ ಎಳೆದೆಯಾದರೆ ತೋಳಿನ ಥ್ರೆಡ್ಡೆಲ್ಲ ಸುಲಿದು ಕೈಗೆ ಬರುತ್ತದೆ. ಆಮೇಲೆ ಬಿರುಕನ್ನು ಹುಡುಕುವ ಅಗತ್ಯವೂ ಇರುವುದಿಲ್ಲ.